ದಾಕ್ಷಿಣ್ಯದ ಓಟು

ಹೋದ ವಾರ ನಾಮಪತ್ರದ ಜೊತೆ ಇಡಲು ಓಟರ್ ಕಾರ್ಡು ಹುಡುಕುತ್ತ ಟ್ರಂಕು ಖಾಲಿ ಮಾಡಿದೆ. ತಳಕ್ಕೆ ಹಾಸಿದ್ದ ಕಾಗದ ಕೈಗೆ ಬಂತು. ನುಸಿಗುಳಿಗೆಯ ವಾಸನೆ ಹಿಡಿದಿದ್ದ ಮಾದರಿ ಮತಪತ್ರ, ಹಿಂದಿನ ಪಂಚಾಯ್ತಿ ಚುನಾವಣೆಯದು. ಮೇಲೆ ನನ್ನ ಹೆಸರು, ಬಕೆಟ್ಟಿನ ಚಿತ್ರ. ಅದರ ಕೆಳಗೇ, ಊರವರೆಲ್ಲ ಹೊಲಿಗೆ ಅಕ್ಕ ಎನ್ನುತ್ತಿದ್ದವಳ ಹೆಸರು, ಹೊಲಿಗೆ ಮಿಷನ್ನಿನ ಚಿತ್ರ. ನೋಡಿದ ಕೂಡಲೇ ಹುಟ್ಟಿದ್ದು ಹಳೇ ಹೊಟ್ಟೆಕಿಚ್ಚೇ. ಚಿಹ್ನೆ ಕೂಡ ಅವಳಿಗೆ ಹೇಳಿ ಮಾಡಿಸಿದ ಹಾಗೆ ಸಿಕ್ಕಿತ್ತು. ನನಗೆ ಬಕೆಟ್ಟು! ದೊಡ್ಡವರಿಗೆ ಬಕೆಟ್ ಹಿಡಿಯುವವಳು ಎಂದು ಊರವರು ನಗಲು ಬೇರೆ ಕಾರಣವೇ ಬೇಕಿರಲಿಲ್ಲ.

ಹರಿಹರಪುರದ ಹತ್ತಿರದ ನಮ್ಮ ವಾರ್ಡಿನಲ್ಲಿ ಅವಳು ಹೊಲಿದ ರವಿಕೆ ತೊಡದ ಹೆಂಗಸಿರಲಿಲ್ಲ, ನಾನೂ ಸೇರಿ. ಬಾಳಗಡಿಯಲ್ಲಿ ಅವಳದೊಂದು ಸಣ್ಣ ಅಂಗಡಿ. ಅಳತೆ ಕೊಡಲು ಹೋದವರು ಪಿಂಚಣಿಯ ಅರ್ಜಿಯನ್ನೂ ಅಲ್ಲೇ ಬರೆಸಿಕೊಂಡು ಬರುತ್ತಿದ್ದರು. ಅವಳು ಓದಿದ್ದು ಏಳನೇ ಕ್ಲಾಸು. ಡಿಗ್ರಿ ಮಾಡಿದ ನನ್ನ ಹತ್ತಿರ ಯಾರೂ ಒಂದು ಸಾಲು ಬರೆಸಿಕೊಂಡವರಲ್ಲ. ಜನ ನನ್ನ ಜಗಲಿಗೂ ಬರಲಿ ಎಂಬ ಆಸೆಗೇ ನಾನು ಚುನಾವಣೆಗೆ ನಿಂತದ್ದು, ಊರು ಉದ್ಧಾರ ಮಾಡಲಿಕ್ಕಲ್ಲ.

ಮೂರು ಓಟಿನಲ್ಲಿ ಗೆದ್ದೆ. ಹದಿನೇಳು ಓಟು ತಿರಸ್ಕೃತವಾಗಿದ್ದವು, ಅವುಗಳಲ್ಲಿ ನಮ್ಮಿಬ್ಬರ ಎದುರೂ ಮೊಹರು ಬಿದ್ದಿತ್ತು. ಕೊಪ್ಪದ ಕಡೆಯವರಿಗೆ ಇದು ಅರ್ಥವಾಗಲು ಎಷ್ಟು ಹೊತ್ತು? ಇಬ್ಬರ ಮನೆಯಲ್ಲೂ ಕಾಫಿ ಕುಡಿದವರು, ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಹೇಗೆ ಎಂದು ಇಬ್ಬರಿಗೂ ಒತ್ತಿದ್ದಾರೆ... ದಾಕ್ಷಿಣ್ಯದ ಓಟು! ಎಣಿಕೆಯ ಅಧಿಕಾರಿಯೂ ನಕ್ಕುಬಿಟ್ಟರು.

ಅಕ್ಕ ನಗಲಿಲ್ಲ. ಕತ್ತು ಚಾಚಿ ನೋಡಿ, "ಸಾರ್, ಒಂದು ಮೊಹರು ಸೀದಾ ಉಂಟು, ಇನ್ನೊಂದು ಉಲ್ಟಾ. ಮಡಚಿದಾಗ ಹಸಿ ಶಾಯಿ ಅಂಟಿದ್ದು ಅದು" ಅಂದಳು. ಆ ಮೊಹರಿನಲ್ಲಿ ಬಾಣಗಳು ಒಂದೇ ದಿಕ್ಕಿಗೆ ಸುತ್ತಿರುತ್ತವೆ. ಎರಡನೆಯ ಗುರುತಿನಲ್ಲಿ ಅವು ಎದುರು ದಿಕ್ಕಿಗೆ ತಿರುಗಿದ್ದವು. ಬಟ್ಟೆಯ ಒಳಮೈ ಹೊರಮೈ ನೋಡಿ ಪಳಗಿದ ಕಣ್ಣು ಅವಳದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೇಳಿದ ಮೇಲೆ ನಾನೂ ನೋಡಿದೆ, ನನಗೂ ಉಲ್ಟಾನೇ ಕಂಡಿತು. ಸುಮ್ಮನೆ ಹೂವಿನ ಹಾರಕ್ಕೆ ಕತ್ತು ಕೊಟ್ಟೆ.

ಅವಳು ಕೋರ್ಟಿಗೆ ಹೋದಳು. ವಾಯಿದೆಯ ದಿನ ಇಬ್ಬರಿಗೂ ಇದ್ದದ್ದು ಒಂದೇ ಬಸ್ಸು. ಮುಖ ತಿರುಗಿಸಿ ನಿಂತರೆ ಅವಳೇ ಪಕ್ಕದ ಸೀಟಿನಿಂದ ಚೀಲ ಎತ್ತಿ ಕರೆಯುತ್ತಿದ್ದಳು. "ಬಾರೇ ಮಾರಾಯ್ತಿ, ಕೂತ್ಕ. ಜಗಳ ಕೋರ್ಟಲ್ಲಿ ಮಾಡನ, ಬಸ್ಸಲ್ಲಿ ಎಂತಕ್ಕೆ?" ಬಸ್ಸಿನವರೆಲ್ಲ ಅವಳನ್ನೇ ಮೆಚ್ಚಿ ನೋಡುವರು. ಗೆದ್ದವಳು ನಾನು, ಮೆಂಬರು ನಾನು! ಆದರೂ ಕಂಡಕ್ಟರು ಕೇಸು ಏನಾಯಿತು ಎಂದು ಕೇಳುವುದು ಅವಳನ್ನು...

ಶೃಂಗೇರಿಯಿಂದ ಬಂದಿದ್ದ ನನ್ನ ವಕೀಲರ ಮಾತು ಕೇಳಿ ಕಟಕಟೆಯಲ್ಲಿ ನಿಂತು, "ನಮ್ಮ ಜನ ದಾಕ್ಷಿಣ್ಯದವರು, ಇಬ್ಬರಿಗೂ ಒತ್ತಿದ್ದಾರೆ" ಎಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ವಾಪಸ್ ಬರುವಾಗ ಬೈಯುತ್ತಾಳೆ ಎಂದುಕೊಂಡರೆ, "ರವಿಕೆ ಹೆಗಲು ಜಾರ್ತಾ ಉಂಟಲ್ಲ, ಎಲ್ಲಿ ಹೊಲಿಸಿದ್ದು?" ಎಂದಳು. ಅವಳ ಮೇಲಿನ ಹಟಕ್ಕೆ ನರಸಿಂಹರಾಜಪುರದವರೆಗೂ ಹೋಗಿ ಹೊಲಿಸಿದ್ದೆ. "ನಾಳೆ ತಂದ್ಕೊಡು, ಸರಿ ಮಾಡ್ತೆ." ಎರಡು ಏಟು ಹೊಡೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ರವಿಕೆ ಕೊಡಲಿಲ್ಲ.

ಅವಧಿ ಮುಗಿಯಲು ಇನ್ನು ನಾಲ್ಕೇ ತಿಂಗಳು ಇರುವಾಗ ತೀರ್ಪು ಬಂತು. ಉಲ್ಟಾ ಗುರುತು ಬಿಟ್ಟು ಎಣಿಸಿದರೆ ಹದಿನೇಳರಲ್ಲಿ ಹನ್ನೊಂದು ಅವಳವು, ಆರು ನನ್ನವು. ಎರಡು ಓಟಿನಲ್ಲಿ ಅವಳು ಮೆಂಬರಾದಳು. ಮೊದಲನೇ ಮೀಟಿಂಗಿನಲ್ಲೇ, "ನಡಾವಳಿ ಓದಿ ಹೇಳಿ, ಆಮೇಲೆ ಸಹಿ ಹಾಕ್ತೆ" ಎಂದು ಕೂತಳಂತೆ. ಓದಿಸಿದರೆ, ಮೇಲಿನ ಕೇರಿಗೆ ಇನ್ನೂ ಬಾರದ ನೀರಿನ ಪೈಪು ಆಗಲೇ ಹಾಕಿ ಮುಗಿದಿದೆ ಎಂದು ಬರೆದಿತ್ತು. ನಾಲ್ಕು ವರ್ಷಕ್ಕೂ ಮೇಲೆ, ತೋರಿಸಿದ ಕಡೆ ಸಹಿ ಹಾಕಿದವಳು ನಾನು. ನಾಚಿಕೆ ಆಗಬೇಕಿತ್ತು. ಆದದ್ದು, ಅದು ನನಗೆ ಹೊಳೆಯದೆ ಅವಳಿಗೇ ಯಾಕೆ ಹೊಳೆಯಿತು ಎಂಬ ಸಂಕಟ. ಆ ನಾಲ್ಕು ತಿಂಗಳಲ್ಲಿ ಪೈಪು ನಿಜವಾಗಿಯೂ ಬಂತು.

ಆಮೇಲೆ ಹೆಚ್ಚು ದಿನ ಅವಳು ಇರಲಿಲ್ಲ. ಜ್ವರ ಎಂದು ಮಲಗಿದವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು... ಬದುಕಿ ಬರಲಿಲ್ಲ. ಉಲ್ಟಾ ಇದ್ದದ್ದು ನನಗೂ ಕಂಡಿತ್ತು ಅಕ್ಕ ಎಂದು ಒಂದು ದಿನ ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಇವತ್ತು ನಾಮಪತ್ರ ವಾಪಸ್ ತೆಗೆಯುವ ಕಡೇ ದಿನ. ತೆಗೆಯಲು ಯಾರಿದ್ದಾರೆ? ನನ್ನದು ಬಿಟ್ಟರೆ ಬೇರೆ ಫಾರಂ ಬಂದೇ ಇರಲಿಲ್ಲ. "ಅವಿರೋಧ ಆಯ್ಕೆ ಮೇಡಂ" ಎಂದು ಗುಮಾಸ್ತರು ನಕ್ಕರು. ಆಮೇಲೆ ತಡೆಯಲಾರದೆ, "ಆ ಅಕ್ಕ ಇದ್ದಿದ್ರೆ ಕತೆ ಬೇರೆ ಇತ್ತು" ಎಂದೂ ಸೇರಿಸಿದರು. ಸತ್ತ ಮೇಲೂ ಹೊಟ್ಟೆ ಉರಿಸುತ್ತಾಳಲ್ಲ ಎಂದು ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. "ಹೌದು, ಸೋಲ್ತಿದ್ದೆ" ಎಂದೆ. ಪ್ರಮಾಣಪತ್ರ ಮಡಚಿಕೊಂಡು ಹೊರಗೆ ಬಂದೆ. ಅಕ್ಕ ಇಲ್ಲ. ನಾನು ಗೆದ್ದಿದ್ದೇನೆ, ವಾರ್ಡಿನಲ್ಲಿ ಒಬ್ಬರೂ ನನಗೆ ಓಟು ಹಾಕಿಲ್ಲ.