ಡೈರಿ ಟೆಸ್ಟರ್ ಮುನಿಸ್ವಾಮಪ್ಪನ ತೂಕ

ನಮ್ಮ ಯಜಮಾನರು ಮುನಿಸ್ವಾಮಪ್ಪ, ಬಂಗಾರಪೇಟೆ ಹತ್ತಿರದ ನಮ್ಮೂರ ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಸ್ಟರ್. ಯಾರ ಹಾಲಿನಲ್ಲಿ ಎಷ್ಟು ಕೊಬ್ಬಿದೆ, ಯಾರು ಎಷ್ಟು ನೀರು ಬೆರೆಸಿದ್ದಾರೆ ಎಂದು ಮುಲಾಜಿಲ್ಲದೆ ಹೇಳುವ ಮನುಷ್ಯ. ಒಂದು ದಿನ ನಮ್ಮ ಮನೆ ಹಾಲನ್ನೇ ವಾಪಸ್ ಕಳಿಸಿದ್ದರು. ಆ ದಿನ ನಾನು ಅಡುಗೆಯನ್ನೇ ಮಾಡಲಿಲ್ಲ.

ಅಂಥವರಿಗೆ ಮೂರು ವರ್ಷದ ಹಿಂದೆ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ. ಕಾಮಾಲೆ ಎಂದು ಇಪ್ಪತ್ತು ದಿನ ಸೊಪ್ಪಿನ ರಸ ಕುಡಿದು, ಉಪ್ಪು, ಎಣ್ಣೆ, ತುಪ್ಪ ಬಿಟ್ಟು ಪಥ್ಯ ಮಾಡಿದರು. ಹಳದಿ ಇಳಿಯಲಿಲ್ಲ. ನಾನೇ ಬಯ್ದು ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ. ಪಿತ್ತನಾಳದಲ್ಲಿ ಕ್ಯಾನ್ಸರ್ ಎಂದರು. ಆಪರೇಷನ್ ಎಂಟು ಗಂಟೆ ಹಿಡಿಯಿತು. 

ಆಪರೇಷನ್ ಆದ ಮೂರನೇ ವಾರ ಡಾಕ್ಟರ್ ಚಂದನ ರಿಪೋರ್ಟ್ ತೆರೆದು ನಿಧಾನವಾಗಿ ಹೇಳಿದರು. “ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿಲ್ಲ, ಅದು ದೊಡ್ಡ ಅದೃಷ್ಟ. ಗಡ್ಡೆಯ ಸುತ್ತಲಿಂದ ತೆಗೆದ ಹದಿನಾರು ದುಗ್ಧಗ್ರಂಥಿಗಳಲ್ಲಿ ಒಂದರಲ್ಲಿ ಮಾತ್ರ ರೋಗ ಇತ್ತು. ಎಷ್ಟು ವರ್ಷ ಬದುಕ್ತಾರೆ ಅನ್ನೋದು ಹೆಚ್ಚಾಗಿ ಇವೆರಡರ ಮೇಲೆ ನಿಂತಿರುತ್ತೆ. ಅವು ನಮ್ಮ ಕೈಲಿಲ್ಲ. ಆದರೆ ಆಪರೇಷನ್ ಆದ ಹನ್ನೆರಡು ವಾರದೊಳಗೆ ಕೀಮೋ ಮಾತ್ರೆ ಶುರು ಮಾಡಬೇಕು. ಈ ನಲವತ್ತಾರು ಕೆ.ಜಿ. ಮೈ ಅದನ್ನ ತಡೆಯಲ್ಲ. ಐವತ್ತು ಮಾಡಿಕೊಂಡು ಬನ್ನಿ.”

ನಾಲ್ಕೇ ಕೆ.ಜಿ.! ನಾನು ಮೊಟ್ಟೆ, ತುಪ್ಪ, ಗಟ್ಟಿ ಮೊಸರು ತಂದು ಸುರಿದೆ. ಶನಿವಾರ ಶನಿವಾರ ಡೈರಿಯಲ್ಲಿ ಬೂಸಾ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆ. ನಲವತ್ತೇಳು, ನಲವತ್ತೆಂಟು. ಊರಿಗೆಲ್ಲ ಡಂಗುರ ಹೊಡೆದೆ. ಕೆನ್ನೆ ಮಾತ್ರ ಗುಳಿಬಿದ್ದೇ ಇತ್ತು. ನಮ್ಮ ನಾಯಿ ಕರಿಯನೋ, ನಡೆಯಲಾರದಷ್ಟು ಊದಿಕೊಂಡಿತ್ತು. ನನ್ನ ಮಂಕುಬುದ್ಧಿಗೆ ಆಗಲೂ ಹೊಳೆಯಲಿಲ್ಲ.

ಏಳನೇ ವಾರ ಹಾಲು ಹಾಕುವವರು ಸಾಲುಗಟ್ಟಿ ನಿಂತಿದ್ದರು. ಇವರು ತಕ್ಕಡಿ ಹತ್ತಿದರು, ನಲವತ್ತೊಂಬತ್ತು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಇವರ ಪಂಚೆಯೊಳಗಿಂದ ಎರಡು ಕಬ್ಬಿಣದ ತೂಕದ ಬಟ್ಟು ಠಣ್ ಎಂದು ನೆಲಕ್ಕೆ ಬಿದ್ದವು. ಮುಳ್ಳು ನಲವತ್ತಾರಕ್ಕೆ ಬಂದು ನಿಂತಿತು.

ಹಾಲಿಗೆ ನೀರು ಬೆರೆಸಿ ಇವರ ಕೈಗೆ ಸಿಕ್ಕಿಬಿದ್ದಿದ್ದ ಆಂಜಿನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನಣ್ಣೋ! ನಾನ್ ನೀರ್ ಸೇರಿಸಿದ್ರೆ ತಪ್ಪು, ನೀನ್ ಕಬ್ಬಿಣ ಸೇರಿಸ್‌ಬೌದಾ?”

ಸಿಟ್ಟು ಬಂದರೆ ನನ್ನ ಬಾಯಿಗೆ ಮರ್ಯಾದೆ ಬರುವುದಿಲ್ಲ. “ಥೂ ನಿನ್ನ! ನಾಯೀಗೆ ತುಪ್ಪ ತಿನ್ನಿಸಿ ನನ್ನ ತಾಳಿಗೆ ಕುತ್ತು ತತ್ತೀಯಾ?” ಎಂದು ಅಷ್ಟು ಜನರ ಮುಂದೆ ಕಿರುಚಿ, ಅಲ್ಲೇ ಕುಕ್ಕರುಬಡಿದು ಅತ್ತುಬಿಟ್ಟೆ.

ಇವರು ತಲೆ ಎತ್ತಲಿಲ್ಲ. “ಎಣ್ಣೆ, ತುಪ್ಪ ಮುಟ್ಟಿದ್ರೆ ಕಾಮಾಲೆ ತಿರುಗಿ ಬತ್ತೈತೆ ಅಂತ ಬಯ ಕಣೆ, ಅನಸೂಯ. ಪಥ್ಯ ಬಿಡಕ್ಕೆ ಧೈರ್ಯ ಬರ್ನಿಲ್ಲ. ಇತ್ತ ನಿನ್ ಮೊಕ ಬಾಡೋದೂ ನೋಡಕ್ಕಾಗ್ನಿಲ್ಲ” ಎಂದರು.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಇವರ ಕಿವಿಗೆ ಹಿಡಿದೆ. ಅವರು ಬಯ್ಯಲಿಲ್ಲ. “ಯಜಮಾನ್ರೇ, ಗಡ್ಡೆ ಕೂತು ಪಿತ್ತದ ದಾರಿ ಕಟ್ಟಿಕೊಂಡಿತ್ತು, ಅದಕ್ಕೇ ಹಳದಿ ಬಂದಿದ್ದು. ನಾವು ಅದನ್ನ ತೆಗೆದು ಹೊಸ ದಾರಿ ಮಾಡಿದ್ದೀವಿ. ತುಪ್ಪ ತಿಂದರೆ ಹಳದಿ ಬರಲ್ಲ. ತಿನ್ನದೆ ಸೊರಗಿದರೆ ಮಾತ್ರೆ ತಪ್ಪಿಹೋಗುತ್ತೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ತಿನ್ನಿ, ಜೀರ್ಣಕ್ಕೆ ಕೊಟ್ಟ ಕ್ಯಾಪ್ಸೂಲ್ ಊಟದ ಜೊತೆಗೇ ನುಂಗಿ.”

ಉಳಿದಿದ್ದು ಐದು ವಾರ. ಕರಿಯನನ್ನು ಪಕ್ಕದ ಮನೆ ಮಂಗಮ್ಮನ ಹಿತ್ತಲಲ್ಲಿ ಕಟ್ಟಿಹಾಕಿದೆ. ಒಂದೊಂದು ತುತ್ತು ಗಂಟಲಿಳಿಯುವ ತನಕ ಎದುರಿಗೇ ಕೂತೆ. ಮೊದಲ ದಿನ ತುಪ್ಪದನ್ನ ಉಂಡು ಹತ್ತು ಸಲ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡರು. ಹಳದಿ ಬರಲಿಲ್ಲ. ಮುಂದಿನ ವಾರದಿಂದ ಮುದ್ದೆಗೆ ತಾವೇ ತುಪ್ಪ ಕೇಳಿದರು. ಆಂಜಿನಪ್ಪ ದಿನಾ ಅರ್ಧ ಲೀಟರ್ ಹಾಲು ತಂದುಕೊಟ್ಟು, “ನೀರಿಲ್ಲ ಕಣಣ್ಣಾ, ಬೇಕಾದ್ರೆ ಟೆಸ್ಟ್ ಮಾಡು” ಎನ್ನುತ್ತಿದ್ದ.

ಹನ್ನೆರಡನೇ ವಾರ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮುಂದೆ ನಿಂತೆವು. ಇವರು ಚಪ್ಪಲಿ ಬಿಟ್ಟರು. ಮೊಬೈಲು, ಬೀಗದ ಕೈ, ಚಿಲ್ಲರೆ ತೆಗೆದು ನನ್ನ ಮಡಿಲಿಗೆ ಹಾಕಿದರು. ವಾಚ್ ಬಿಚ್ಚಿದರು. ಪಂಚೆಯನ್ನು ಕೊಡವಿ ನರ್ಸಮ್ಮನಿಗೆ ತೋರಿಸಿದರು. “ಈಗ ನೋಡ್ರಮ್ಮ” ಎಂದು ಹತ್ತಿದರು. ಐವತ್ತು ಕೆ.ಜಿ. ನಾನೂರು ಗ್ರಾಂ. ಮಾತ್ರೆ ಅವತ್ತೇ ಶುರುವಾಯಿತು.

ಆರು ತಿಂಗಳು ಅಂಗೈ ಸುಲಿದು, ಬಾಯಿ ಹುಣ್ಣಾಗಿ ಒದ್ದಾಡಿದರು. ಮುಗಿಯಿತು. ಮೊನ್ನೆ ಮೂರನೇ ವರ್ಷದ ಸ್ಕ್ಯಾನ್ ಮಾಡಿಸಿದೆವು. ರೋಗದ ಸುಳಿವಿಲ್ಲ. ಇನ್ನೂ ಕಣ್ಣಿಟ್ಟಿರಬೇಕು ಎಂದಿದ್ದಾರೆ ಡಾಕ್ಟರು, ಇಡುತ್ತೇವೆ. ಬೆಂಗಳೂರಿಂದ ಮಾರಿಕುಪ್ಪಂ ರೈಲಿನಲ್ಲಿ ವಾಪಸ್ ಬರುವಾಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಈಗ ಅರವತ್ತು ಕೆ.ಜಿ. ಭಾರ. ಬಂಗಾರಪೇಟೆ ಬರುವಷ್ಟರಲ್ಲಿ ತೋಳು ಜೋಮು ಹಿಡಿದಿತ್ತು. ಆದರೂ ಎಬ್ಬಿಸಲಿಲ್ಲ.