ನಾನು ತಂದ ಒಂದೇ ಭಾಷೆಯ ಕಂಪ್ಯೂಟರು

ಕೊಳ್ಳೇಗಾಲದಲ್ಲಿ ನನ್ನದು ಮೋಟರು ವೈಂಡಿಂಗ್ ಅಂಗಡಿ. ಸತ್ತೇಗಾಲದ ಕಬ್ಬಿನ ಗದ್ದೆಯಿಂದ ಹಿಡಿದು ಅಜ್ಜೀಪುರದ ಕೊಳವೆಬಾವಿಯವರೆಗೆ ಸುಟ್ಟುಹೋದ ಮೋಟರುಗಳು ನನ್ನ ಬಾಗಿಲಿಗೆ ಬರುತ್ತವೆ. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳಿನ ಗೆರೆಗಳೇ ಅಳಿಸಿಹೋಗಿವೆ, ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದಾನೆ ಎಂದು ನೀವು ತಿಳಿದುಕೊಂಡರೆ ತಪ್ಪೇನಿಲ್ಲ. ಜಂಬ ನನಗೆ ಇತ್ತು, ಸಿಟ್ಟೂ ಇತ್ತು, ಎರಡೂ ಸೇರಿ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಯಳಂದೂರು ಕಡೆಯ ಮಾಂಬಳ್ಳಿಯವಳು. ಅಲ್ಲೇ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಟೀಚರ್ ಆಗಿದ್ದಳು. ಬೆಳಿಗ್ಗೆ ಒಂದು ಬಸ್ಸಿಗೆ ಹೋಗಿ ಸಂಜೆ ಇನ್ನೊಂದು ಬಸ್ಸಿಗೆ ಬರುವಳು. ಬಂದು, ಕಾಫಿ ಕುಡಿದು, ಅಡುಗೆಮನೆಗೆ ಹೋಗುವ ಮೊದಲು ಕಿಟಕಿಯ ಹತ್ತಿರ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವಳು. ಎರಡು ಪುಟ, ಕೆಲವು ದಿನ ಮೂರು. ಮದುವೆಯಾಗಿ ಬಂದಾಗಲೇ ಅವಳ ಟ್ರಂಕಿನಲ್ಲಿ ಅಂಥ ಬುಕ್ಕುಗಳು ನಾಲ್ಕೋ ಐದೋ ಇದ್ದವು. ಹೊಸದರಲ್ಲಿ ಒಮ್ಮೆ, ಏನು ಬರೆಯುತ್ತೀಯ ಅಷ್ಟೊಂದು ಎಂದು ಕೇಳಿದ್ದೆ.

"ಅದು ನಂದು ಕಣ್ರಿ. ನೀವು ಓದ್‌ಬಾರ್ದು," ಎಂದಿದ್ದಳು.

ನಾನು ಓದಲಿಲ್ಲ. ನನ್ನಲ್ಲಿ ನೂರು ದೋಷ ಹುಡುಕಬಹುದು, ಆದರೆ ಆ ಬುಕ್ಕುಗಳನ್ನು ಮುಟ್ಟಿದವನಲ್ಲ ನಾನು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿ ಎದ್ದುಹೋದ ದಿನಗಳಿವೆ. ಮಾರನೆಯ ಸಂಜೆ ಅವಳು ಕಿಟಕಿಯ ಹತ್ತಿರ ಕೂತು ಬರೆದು ಏಳುವಾಗ ಮುಖ ತಿಳಿಯಾಗಿರುತ್ತಿತ್ತು. ನನ್ನನ್ನು ಬೈದು ಬರೆದಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಬೈದುಕೊಳ್ಳಲಿ ಬಿಡು ಅನ್ನಿಸುತ್ತಿತ್ತು. ನಮ್ಮ ಸಂಸಾರ ಇಷ್ಟು ವರ್ಷ ನೆಟ್ಟಗೆ ನಡೆದದ್ದು ಆ ಬುಕ್ಕುಗಳ ದೆಸೆಯಿಂದಲೇ ಎಂದು ಈಗಲೂ ನಂಬಿದ್ದೇನೆ.

ಐವತ್ತು ದಾಟಿದ ಮೇಲೆ ಅವಳ ಕಣ್ಣು ಮಂಕಾಗತೊಡಗಿತು. ಕನ್ನಡಕ ಬದಲಾಯಿಸಿದೆವು. ಪೊರೆ ಬಂದಿರಬೇಕು ಅಂದುಕೊಂಡೆವು. ಮೈಸೂರಿನ ಡಾಕ್ಟರು ಇದು ಪೊರೆಯಲ್ಲ, ಕಣ್ಣಿನ ಒಳಪದರವೇ ಸವೆಯುತ್ತಿದೆ, ಆಪರೇಷನ್ನಿನಿಂದ ವಾಸಿಯಾಗುವುದಲ್ಲ ಎಂದರು. ಇನ್ನೊಂದು ವರ್ಷ ನೋಟ ಇರಬಹುದು, ಅದಕ್ಕಿಂತ ಬೇಗನೆ ಹೋಗಲೂಬಹುದು. ಅವಳು ಅಳಲಿಲ್ಲ. "ಆಮೇಲೆ ಬರಿಯಾಕೆ ಆಯ್ತದಾ ಸಾ?" ಎಂದು ಅದೊಂದನ್ನೇ ಕೇಳಿದಳು.

ಡಾಕ್ಟರು ನಮ್ಮನ್ನು ಅದೇ ಆಸ್ಪತ್ರೆಯ ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಕಣ್ಣು ಕಾಣದವರಿಗೆ ಕಂಪ್ಯೂಟರು ಕಲಿಸುವ ಹೆಂಗಸೊಬ್ಬರಿದ್ದರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರು ಓದಿ ಹೇಳುತ್ತದೆ, ಟೈಪು ಮಾಡಿದ್ದನ್ನು ಮತ್ತೆ ಕೇಳಿಸುತ್ತದೆ, ಪಕ್ಕದಲ್ಲಿರುವವರಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂದು ತೋರಿಸಿಕೊಟ್ಟರು. ಆಸ್ಪತ್ರೆಗೆ ಕಾಲಿಟ್ಟಮೇಲೆ ಮೊದಲ ಸಲ ನನ್ನ ಹೆಂಡತಿಯ ಮುಖದಲ್ಲಿ ಗೆಲುವು ಕಂಡೆ.

"ಆದರೆ ನೋಟ ಇರುವಾಗಲೇ ಕಲಿತುಬಿಡಿ ಅಮ್ಮ," ಎಂದರು ಅವರು. "ಯಾವುದು ಎಲ್ಲಿದೆ ಅಂತ ಕಣ್ಣಿಗೆ ರೂಢಿಯಾಗಿದ್ದರೆ ಆಮೇಲೆ ಕಿವಿಗೆ ಸಲೀಸು. ಪೂರ್ತಿ ಹೋದಮೇಲೆ ಶುರುಮಾಡಿದವರಲ್ಲಿ ತುಂಬಾ ಜನ ಬೇಜಾರಾಗಿ ಬಿಟ್ಟುಬಿಡ್ತಾರೆ. ನಿಮಗೆ ಇಂಗ್ಲಿಷ್ ಬರುತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದರೆ ಕಂಪ್ಯೂಟರು ಪೂರ್ತಿ ಕನ್ನಡದಲ್ಲೇ ಇರಲಿ. ಮೊದಲ ದಿನದಿಂದಲೇ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು, ಇಷ್ಟೆಲ್ಲ ಯಾಕೆ, ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಲ್ಲ ಎಂದೆ. ಅವಳು ಕಿಟಕಿಯ ಕಡೆಯಿಂದ ತಿರುಗಿ, "ಬಾಯ್‌ಬುಟ್ಟು ಏಳಂಗಿದ್ರೆ ಬರಿಯೋದ್ಯಾಕೆ?" ಎಂದಳು.

ರೆಡಿಮೇಡ್ ಕಂಪ್ಯೂಟರು ತರುವ ಜಾಯಮಾನ ನನ್ನದಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿದೆ. ಅವಳಿಗೆಂದೇ ಅಗಲದ ಪರದೆ, ಅಕ್ಷರ ದೊಡ್ಡದಾಗಿ ಮೂಡಿದ ಕೀಬೋರ್ಡು. ವೈಂಡಿಂಗ್ ಮೇಜಿನ ಮೇಲಿದ್ದ ತಂತಿ, ವಾರ್ನಿಷ್ ಎಲ್ಲ ತೆಗೆದು, ಒರೆಸಿ, ಹಳೇ ಬೆಡ್‌ಶೀಟು ಹಾಸಿ ಎರಡು ಭಾನುವಾರ ಕೂತು ಜೋಡಿಸಿದೆ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು ಸ್ಕ್ರೂಗಳನ್ನು ಎತ್ತಿಕೊಡುತ್ತಿದ್ದಳು. ಆಗ ಸ್ಕ್ರೂ ಕಾಣುವಷ್ಟು ನೋಟವಿತ್ತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿ ದೀಪ ಹತ್ತಿತು. ಇನ್ನು ಉಳಿದದ್ದು ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮು ಮಾತ್ರ. ಅದನ್ನು ಬೇರೆ ಕೊಳ್ಳಬೇಕು.

ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯನ್ನು ಒಬ್ಬ ಹೆಣ್ಣುಮಗಳು ನಡೆಸುತ್ತಾಳೆ. ಅವಳು ಮೂರು ಬಗೆ ಇದೆ ಎಂದಳು. ಮನೆಗೆ ಹೋಮ್, ಆಫೀಸಿಗೆ ಪ್ರೊ, ಇನ್ನೊಂದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಯಾರಿಗೆ ಎಂದು ಕೇಳಿದಳು, ಹೇಳಿದೆ.

"ಅಮ್ಮೋರ್ಗೆ ಕನ್ನಡ ಬೇಕು ಅಂದ್ರೆ ಹೋಮ್ ತಕಳಿ ಸಾ. ಸಿಂಗಲ್ ಲ್ಯಾಂಗ್ವೇಜ್ ಬ್ಯಾಡ."

"ನಮ್ಮನೇಲಿ ಮಾತಾಡಾದೇ ಒಂದು ಭಾಷೆ ಕಣಮ್ಮ," ಎಂದೆ ನಾನು. "ಇಲ್ದಿರೋ ಭಾಷೆನೆಲ್ಲ ಕಟ್ಕಂಡೋಗಿ ಏನ್ ಮಾಡ್ಲಿ?"

"ಅಂಗಲ್ಲ ಸಾ, ಅದ್ರಲ್ಲಿ..."

"ನೀನು ಉಟ್ಟಾಕೆ ಮುಂಚಿಂದ ಮೋಟ್ರು ಕಟ್ತಾ ಇವ್ನಿ. ನಂಗೇಳ್‌ಕೊಡಬ್ಯಾಡ. ಅದ್ನೇ ಕೊಡು."

ಅವಳು ನಾನು ಕೇಳಿದ್ದನ್ನೇ ಕೊಟ್ಟಳು. ಒಂದು ಭಾಷೆ ಎಂದರೆ ನಮಗೆ ಬೇಕಾದ ಒಂದು ಎಂದು ತಿಳಿದಿದ್ದೆ. ನಮ್ಮ ಒಂದು ಕನ್ನಡ. ಇದರಲ್ಲಿ ಹೇಳಿಸಿಕೊಳ್ಳುವುದೇನಿದೆ ಎಂದು ಬೀಗಿಕೊಂಡು ಮನೆಗೆ ಬಂದೆ.

ಹಾಕಿದೆ. ಪರದೆ ತುಂಬ ಇಂಗ್ಲಿಷ್ ಬಂತು. ಭಾಷೆ ಬದಲಾಯಿಸುವ ಜಾಗಕ್ಕೆ ಹೋಗಿ ಕನ್ನಡವನ್ನು ಒತ್ತಿದರೆ, ನಿಮ್ಮ ಲೈಸೆನ್ಸಿಗೆ ಇರುವುದು ಒಂದೇ ಭಾಷೆ, ಇನ್ನೊಂದನ್ನು ಹಾಕುವಂತಿಲ್ಲ ಎಂದಿತು. ಆ ಒಂದು ಇಂಗ್ಲಿಷ್ ಆಗಿತ್ತು. ಅಂಗಡಿಯ ಹೆಣ್ಣುಮಗಳು ಹೇಳಹೊರಟಿದ್ದು ಇದನ್ನೇ. ಹಾಳಾಗಿಹೋಗಲಿ, ನನಗೆ ಆ ಗಳಿಗೆಯಲ್ಲೇ ಎಲ್ಲ ಅರ್ಥವಾಯಿತು.

ನನ್ನ ಹೆಂಡತಿ ಸ್ಟೂಲು ಮುಂದಕ್ಕೆ ಎಳೆದುಕೊಂಡು ಪರದೆಗೆ ಮುಖ ತಾಗುವಷ್ಟು ಬಾಗಿ, "ಕನ್ನಡ ಯಾವಾಗ ಬತ್ತದೆ?" ಎಂದಳು.

"ಇಳೀತಾ ಅದೆ. ನೆಟ್ಟು ನಿಧಾನ," ಎಂದೆ.

ಮಾರನೆಯ ದಿನವೇ ಅಂಗಡಿಗೆ ಹೋಗಿ, ನಂದು ತಪ್ಪಾಯಿತು, ಸರಿಯಾದದ್ದು ಕೊಡಮ್ಮ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೋಗಲಿಲ್ಲ. ಹಾಗೆ ಅಂದುಬಂದ ಬಾಯಲ್ಲಿ ಹೀಗೆ ಹೇಳುವುದು ಹೇಗೆ? ನಾನೇ ಸರಿಮಾಡುತ್ತೇನೆ ಎಂದು ಹೊರಟೆ. ಪೂರ್ತಿ ಅಳಿಸಿ ಮತ್ತೆ ಹಾಕಿದೆ. ವೀಡಿಯೊ ನೋಡಿ ನೋಡಿ ಅವರು ಹೇಳಿದ್ದನ್ನೆಲ್ಲ ಮಾಡಿದೆ. ಇನ್ನೊಮ್ಮೆ ಅಳಿಸಿದೆ. ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಆ ಅಂಗಡಿ ಸಿಗದ ಹಾಗೆ ಹಿಂದಿನ ಬೀದಿ ಹಿಡಿಯುತ್ತಿದ್ದೆ.

ನನ್ನ ಹೆಂಡತಿ ಕಾಯುತ್ತಾ ಸುಮ್ಮನೆ ಕೂರುವವಳಲ್ಲ. ಒಂದು ಸಂಜೆ ನೋಡುತ್ತೇನೆ, ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಪರದೆಯ ಇಂಗ್ಲಿಷ್ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದಾಗಿ ಬರೆದುಕೊಳ್ಳುತ್ತಿದ್ದಾಳೆ.

"ಕನ್ನಡ ಬರಗಂಟ ಇದ್ನೇ ಕಲ್ತ್ಕತೀನಿ. ಎಲ್ಲೆಲ್ಲಿ ಏನದೆ ಅಂತ ಏಳಿ," ಎಂದಳು.

ನಾನು ಬೇಡವೆಂದೆ. ಕನ್ನಡ ಇವತ್ತೋ ನಾಳೆಯೋ ಬರುತ್ತದೆ, ಆಗ ಎಲ್ಲ ಬೇರೆಯಾಗುತ್ತದೆ, ಎರಡೆರಡು ಸಲ ಯಾಕೆ ಕಲಿಯುತ್ತೀಯ ಎಂದೆ. ಅವಳು ನನ್ನ ಮಾತು ನಂಬಿ ಕ್ಯಾಲೆಂಡರನ್ನು ಸುತ್ತಿಟ್ಟಳು. ಸುಳ್ಳು ಹೇಳಿದ್ದಕ್ಕಿಂತ ಇದೇ ನನಗೆ ಹೆಚ್ಚು ನೋಯುತ್ತದೆ. ಕಲಿಯುತ್ತಿದ್ದವಳನ್ನು ನಾನೇ ಕೈಯಾರೆ ತಡೆದೆ.

ಮೂರು ತಿಂಗಳಾದ ಮೇಲೆ ಹನೂರಿಗೆ ಒಂದು ಪಂಪು ನೋಡಲು ಹೋಗಿದ್ದೆ. ಪಂಪಿನ ಯಜಮಾನ ಕಾಗದಪತ್ರದ ಕೆಲಸಕ್ಕೆಂದು ಯಾವುದೋ ಆಫೀಸಿಗೆ ಹೊಕ್ಕ, ನಾನೂ ಜೊತೆಗೆ ಹೋದೆ. ಗುಮಾಸ್ತರ ಮೇಜಿನ ಮೇಲಿನ ಪರದೆಯಲ್ಲಿ ಎಲ್ಲವೂ ಕನ್ನಡ. ಕಡತ, ಹುಡುಕು, ಉಳಿಸು. ನಾನು ಅದನ್ನೇ ನೋಡುತ್ತಾ ನಿಂತೆ. "ಏನಾಗ್ಬೇಕಿತ್ತು ಯಜಮಾನ್ರೆ?" ಎಂದರು ಅವರು. ಏನಿಲ್ಲ ಸಾ ಎಂದೆ. ಕೊಳ್ಳೇಗಾಲಕ್ಕೆ ಬಂದು ಇಳಿದಾಗ ಕಂಪ್ಯೂಟರ್ ಅಂಗಡಿ ತೆರೆದಿತ್ತು. ಹಿಂದಿನ ಬೀದಿ ಹಿಡಿದು ಮನೆಗೆ ಬಂದೆ.

ಅಷ್ಟರಲ್ಲಿ ಅವಳು ಮನೆಯನ್ನೆಲ್ಲ ಹೆಜ್ಜೆ ಎಣಿಸಿ ಅಳೆದುಕೊಂಡಿದ್ದಳು. ಉಪ್ಪು, ಹುಣಸೆಹಣ್ಣು, ಬೆಂಕಿಪೊಟ್ಟಣ ಎಲ್ಲಕ್ಕೂ ಜಾಗ ಗೊತ್ತುಮಾಡಿದ್ದಳು, ಯಾರೂ ಕದಲಿಸಬಾರದು. ಬರೆಯುವಾಗ ಸಾಲು ಸಾಲಿನ ಮೇಲೆ ಹತ್ತುತ್ತಿತ್ತಂತೆ, ಅದಕ್ಕೆ ನೋಟ್‌ಬುಕ್ಕನ್ನು ಟ್ರಂಕಿಗೆ ಹಾಕಿಬಿಟ್ಟಿದ್ದಳು. ಕನ್ನಡ ಬಂತಾ ಎಂದು ಮೊದಲು ದಿನಾ ಕೇಳುತ್ತಿದ್ದವಳು ವಾರಕ್ಕೊಮ್ಮೆ ಕೇಳುತ್ತಿದ್ದಳು. ಒಂದು ಬೆಳಿಗ್ಗೆ ನಾನು ಕಂಪ್ಯೂಟರಿನ ಮುಂದೆ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಪರದೆ ಬೆಳ್ಳಗೆ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಅವಳು ನೇರವಾಗಿ ಅದರ ಕಡೆಗೇ ಮುಖಮಾಡಿ, "ಆನ್ ಮಾಡಿದ್ದೀರಾ?" ಎಂದು ಕೇಳಿದಳು.

ಮಾಡಿದ್ದೀನಿ ಎಂದೆ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ನೆಟ್ಟಗೆ ಆ ಅಂಗಡಿಗೆ ಹೋದೆ. ಆ ಹೆಣ್ಣುಮಗಳು ನನ್ನನ್ನು ಮೂದಲಿಸಲಿಲ್ಲ. ಮೂದಲಿಸಿದ್ದರೆ ವಾಸಿಯಿತ್ತು.

"ಈಗ ಹೋಮ್ ಆದ್ರೆ ಎಲ್ಲ ಅಳಿಸ್‌ಬೇಕಾಯ್ತದೆ, ಪ್ರೊ ಕೊಡ್ತೀನಿ ಸಾ. ಏನೂ ಅಳಿಸ್‌ಬ್ಯಾಡಿ. ಈಗಿರೋದ್ರ ಮ್ಯಾಲೇ ಈ ನಂಬರ್ ಒಡೀರಿ, ತಾನೇ ಬದಲಾಯ್ತದೆ. ಆಮೇಲೆ ಕನ್ನಡ ಇಳಿಸ್ಕಳಿ."

"ಎಷ್ಟೊತ್ತಾಯ್ತದಮ್ಮ?"

"ಅರ್ಧ ಗಂಟೆ ಸಾ. ಅಮ್ಮೋರು ಎಂಗವ್ರೆ?"

ಚೆನ್ನಾಗಿದ್ದಾಳೆ ಎಂದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಪರದೆಯ ತುಂಬ ಕನ್ನಡ ಬಂತು. ಓದಿಹೇಳುವ ತಂತ್ರಾಂಶವನ್ನೂ ಹಾಕಿ ಇಯರ್‌ಫೋನನ್ನು ಹೆಂಡತಿಯ ಕಿವಿಗೆ ಇಟ್ಟೆ. ಕೇಳಿ ಸ್ವಲ್ಪ ನಕ್ಕಳು. "ಇದ್ಯಾವೂರ ಕನ್ನಡ ಕಣ್ರಿ, ಮೂಗ್ನಲ್ಲಿ ಮಾತಾಡ್ತದೆ," ಎಂದಳು. ನನಗೆ ಜೀವ ಬಂದಂತಾಯಿತು. ಹೊಸ ಪುಟ ತೆರೆಯುವುದು ಎಡಗಡೆ ಮೇಲಿದೆ ಎಂದೆ.

"ಯಾವುದ್ರ ಎಡಗಡೆ?"

"ಪರದೆದು."

"ಪರದೆ ಒಳಗೆ ಏನೇನದೆ, ಎಂಗದೆ? ಕನ್ನಡದಲ್ಲಿ ನಾನು ನೋಡೇ ಇಲ್ವಲ್ಲ."

ಹನ್ನೆರಡು ದಿನ ಕೂತೆವು. ಅವಳು ಒಂದು ಗುಂಡಿ ಒತ್ತಿ ಎಲ್ಲಿಗೋ ಹೋಗುವಳು, ಎಲ್ಲಿದ್ದೇನೆಂದು ತಿಳಿಯದೆ ಇನ್ನೊಂದು ಒತ್ತುವಳು, ಬರೆದ ಎರಡು ಸಾಲೂ ಮಾಯವಾಗುವುದು. ನಾನು ಹೇಳುತ್ತಾ ಹೇಳುತ್ತಾ ಒಂದು ದಿನ, ಎಷ್ಟು ಸಲ ಹೇಳಬೇಕು ನಿನಗೆ ಎಂದು ಗದರಿಬಿಟ್ಟೆ. ಅವಳು ಇಯರ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಇನ್ನು ತಡೆಯಲಾಗದೆ ಅವತ್ತೇ ಎಲ್ಲ ಹೇಳಿದೆ. ಅಂಗಡಿ, ನನ್ನ ಜಂಬ, ನೆಟ್ಟು ನಿಧಾನ ಎಂದ ಸುಳ್ಳು.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಮೊದುಲ್ನೇ ದಿನ್ವೇ."

ಅವಳು, "ಅವತ್ತೇ ನಂಗೆ ಏಳ್ಬೋದಿತ್ತು," ಎಂದು ಎದ್ದು, ಹೆಜ್ಜೆ ಎಣಿಸಿಕೊಂಡು ಅಡುಗೆಮನೆಗೆ ಹೋದಳು. ನಾನು ಅಲ್ಲೇ ಕೂತು ಅತ್ತೆ. ಅವಳಿಗೆ ಕೇಳಿಸಿರಬೇಕು.

ಮೈಸೂರಿಗೆ ಹೋಗಿ ಕಲಿಯೋಣ ಎಂದೆ, ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಕಲಿಸುತ್ತಿದ್ದ ಆ ಹೆಂಗಸನ್ನೇ ಕರೆಸುತ್ತೇನೆ ಎಂದೆ, ನೋಡೋಣ ಬುಡಿ ಎಂದಳು. ಕಳೆದ ವಾರ ಸಂಜೆ ಕಾಫಿ ಕುಡಿದಮೇಲೆ ತಾನಾಗಿ, "ಬನ್ನಿ, ನಾನೇಳ್ತೀನಿ, ನೀವು ಬರ್ಕಳಿ," ಎಂದಳು. ನಾನು ಸಂತೋಷದಿಂದ ಓಡಿಹೋಗಿ ಹೊಸ ಪುಟ ತೆರೆದು ಕೂತೆ. ಅವಳು ಮುಖವನ್ನು ಕಿಟಕಿಯ ಕಡೆಗೆ ಇಟ್ಟುಕೊಂಡು ನಿಧಾನವಾಗಿ ಹೇಳಿದಳು.

"ಇವತ್ತು ಬಿಸ್ಲು ಜಾಸ್ತಿ ಇತ್ತು. ಅವರೆಕಾಳು ಸಾರು ಮಾಡುದ್ವಿ. ಅಕ್ಕ ಫೋನ್ ಮಾಡಿದ್ಲು."

ಟೈಪು ಮಾಡಿದೆ. ನಾನು ಕಾದೆ.

"ಆಮೇಲೆ?"

"ಅಷ್ಟೇ."

"ಇನ್ನೇನೂ ಇಲ್ವಾ? ಯೋಚ್ನೆ ಮಾಡಿ ಏಳು, ನಾನೆಲ್ಲೂ ಓಗಲ್ಲ."

"ನಿಮ್ಗೆ ಏಳೋವಂಥದ್ದು ಅಷ್ಟೇ ಕಣ್ರಿ," ಎಂದಳು.

ನಾನು ಆ ಮೂರು ಸಾಲನ್ನು ಉಳಿಸಿ ಕಂಪ್ಯೂಟರು ಆರಿಸಿದೆ.