ಸೆಲ್ಲಮ್ಮನ ಮನೆಯಲ್ಲಿ ಸ್ಥಳಾಂತರದ ಚರ್ಚೆ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆಗೆ ನಿಮಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ವಸಾಹತೋತ್ತರ ಸಾಹಿತ್ಯ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನಾನು ಸಕಲೇಶಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ನಾವು ವಸಾಹತೋತ್ತರ ಸಾಹಿತ್ಯದಲ್ಲಿ ವಲಸೆ ಮತ್ತು ಸ್ಥಳಾಂತರ ಕುರಿತು ವಿಚಾರ ಸಂಕಿರಣ ಇಟ್ಟುಕೊಂಡೆವು. ಇಂಥ ನೋವಿನ ವಿಷಯವನ್ನು ಕಾಲೇಜಿನ ಮುರುಕು ಬೆಂಚಿನ ಮೇಲೆ ಕೂತು ಚರ್ಚಿಸಿದರೆ ನೋವಿಗೇ ಅವಮಾನವೆಂದು ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟಿಗೆ ಹೋದೆವು. ಅಲ್ಲಿನ ಸಾಹುಕಾರರು ಸಾಹಿತ್ಯಪ್ರಿಯರು. ಅಂದರೆ ವೇದಿಕೆಯ ಮೇಲೆ ಕೂರುವುದು ಅವರಿಗೆ ಪ್ರಿಯ. ಬಂಗಲೆ ಹೊರಗಿನ ವಿದ್ವಾಂಸರಿಗೇ ತುಂಬಿಹೋಯಿತು. ಸ್ಥಳೀಯರಾದ ನಮಗಾಗಿ, ಕೂಲಿಯವರು ವಾಸವಿದ್ದ ಲೈನಿನ ನಾಲ್ಕು ಮನೆಗಳನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ್ದರು. ಆ ಮನೆಯವರೆಲ್ಲ ಎರಡು ದಿನ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ. ಸ್ಥಳಾಂತರದ ಚರ್ಚೆಗೆ ಇಷ್ಟು ಶ್ರದ್ಧೆಯ ಪೂರ್ವಸಿದ್ಧತೆ ಬೇರೆಲ್ಲೂ ನಡೆದಿರಲಾರದು.

ನನಗೆ ಕೊಟ್ಟ ಮನೆಯಲ್ಲಿ ಕೂತು ಮರುದಿನದ ಪ್ರಬಂಧ ತಿದ್ದುತ್ತಿದ್ದೆ. ‘ಮನೆ ಎಂಬುದೊಂದು ಕಲ್ಪನೆ’ ಎಂಬ ವಾಕ್ಯದ ಹತ್ತಿರ ಬಂದಾಗ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು.

“ಒಳಗೆ ಬರಬೋದಾ ಸಾ? ಅಟ್ಟದ ಮೇಲೆ ನನ್ನ ಕಾಗದದ ಡಬ್ಬಿ ಐತೆ.”

ತಮ್ಮ ಮನೆಗೆ ಬರಲು ನನ್ನ ಅಪ್ಪಣೆ ಕೇಳಿದ ಅವರೇ ಸೆಲ್ಲಮ್ಮ. ನಾನು ದೊಡ್ಡ ಮನಸ್ಸು ಮಾಡಿ ಕೊಟ್ಟೆ. ಡಬ್ಬಿಯಲ್ಲಿ ಹಡಗು ಹತ್ತಿ ಬಂದ ಕಾಲದ ಕಾಗದಗಳಿದ್ದವು. ಅವರ ತಾತ ತಮಿಳು ಸೀಮೆಯಿಂದ ಸಿಲೋನಿನ ಟೀ ತೋಟಕ್ಕೆ ಹೋದವರು. ಸೆಲ್ಲಮ್ಮ ಹುಟ್ಟಿದ್ದೇ ಅಲ್ಲಿ. ಎರಡು ಸರ್ಕಾರಗಳು ಕೂತು ಮಾತಾಡಿ, ಹದಿನೈದರ ಹುಡುಗಿಯನ್ನು ಅವಳು ಕಂಡೇ ಇರದ ‘ಸ್ವದೇಶ’ಕ್ಕೆ ವಾಪಸು ಕಳಿಸಿದ್ದವು. ಆಮೇಲೆ ಮದುವೆಯಾಗಿ, ಕೆಲಸ ಹುಡುಕಿಕೊಂಡು ಈ ಘಾಟಿಗೆ ಬಂದಿದ್ದರು.

ನನ್ನ ಎದೆ ತುಂಬಿ ಬಂತು. ಅನುಕಂಪದಿಂದಲ್ಲ, ಒಳ್ಳೆಯ ಅಡಿಟಿಪ್ಪಣಿ ಸಿಕ್ಕ ಸಂತೋಷದಿಂದ. “ಅಮ್ಮಾ, ನೆಲೆ ಕಳಕೊಂಡಾಗ ನಿಮಗೇನನ್ನಿಸಿತು?” ಎಂದೆ.

“ನೆಲೆ ಬಿಡಿ ಸಾ, ಒಲೆ ಹೋಯ್ತಲ್ಲ! ಹೋದ್ವಾರ ತಾನೆ ಹೊಸದು ಹಾಕಿದ್ದೆ. ಸುಣ್ಣ ಹೊಡೆಯೋರು ಒಡೆದಾಕ್ಬುಟ್ರು, ರೂಮು ಚೆಂದ ಕಾಣ್ಲಿ ಅಂತ.”

ಒಲೆ ಇದ್ದ ಮೂಲೆಯಲ್ಲಿ ನನ್ನ ಸೂಟ್‌ಕೇಸ್ ಇತ್ತು. ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಅಷ್ಟೇ ನಾನು ಮಾಡಿದ್ದು.

ಮರುದಿನ ‘ಒಡೆದ ಒಲೆ’ಯನ್ನು ರೂಪಕವಾಗಿಸಿ ಓದಿದೆ. ಜೋರು ಚಪ್ಪಾಳೆ. ಆ ಹೊತ್ತಿಗೆ ರೂಪಕದ ಒಡತಿ ಶಾಮಿಯಾನದ ಹಿಂದೆ ನಮ್ಮ ತಟ್ಟೆ ತೊಳೆಯುತ್ತಿದ್ದರು. ಹೊರಡುವಾಗ ಸಾಹುಕಾರರು ಮುಂದಿಟ್ಟ ಅತಿಥಿಗಳ ಪುಸ್ತಕದಲ್ಲಿ, ‘ಈ ಸರಳ ಬದುಕಿನ ಅನುಭವ ಎಲ್ಲ ಪ್ರವಾಸಿಗರಿಗೂ ಸಿಗಬೇಕು’ ಎಂದು ಬರೆದು ಸಹಿ ಹಾಕಿದೆ.

ಸಿಕ್ಕಿತು. ವರ್ಷದೊಳಗೆ ಆ ಲೈನು ಹೋಮ್‌ಸ್ಟೇ ಆಯಿತು. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಸಂಭ್ರಮದಿಂದ ಹೇಳಿದರು: “ನೀವು ಬರೆದಿದ್ದನ್ನ ಫ್ರೇಮ್ ಹಾಕ್ಸಿ ಬಾಗ್ಲಲ್ಲೇ ನೇತಾಕವ್ರೆ ಕಣ್ರೀ!”

“ಸೆಲ್ಲಮ್ಮ?”

“ಎಲ್ರನ್ನೂ ಬಿಡ್ಸಿದ್ರಲ್ಲ. ಯಸಳೂರಿಗೆ, ಮಗಳ ಮನೆಗೆ ಹೋಗ್ಬುಟ್ಳು.”

ಒಂದು ತಿಂಗಳು ಚೆನ್ನಾಗಿ ನರಳಿದೆ. ಆಮೇಲೆ ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಯಸಳೂರಿನ ಬಸ್ಸು ಹತ್ತಿದೆ. ಸೆಲ್ಲಮ್ಮ ಪೂರ್ತಿ ಕೇಳಿಸಿಕೊಂಡು ನಕ್ಕರು.

“ನಿಮ್ಮಿಂದ ಹೋಯ್ತಾ ನನ್ನ ಮನೆ? ನೀವು ಅಷ್ಟು ದೊಡ್ಡೋರಾ ಮಾರಾಯ್ರೆ? ಸಾಹುಕಾರ್ರು ಮೊದ್ಲೇ ತೀರ್ಮಾನ ಮಾಡಿದ್ರು. ನೀವು ಬಂದಿದ್ದು ಒಂದು ನೆಪ ಆಯ್ತು, ಅಷ್ಟೇ.”

ಹೀಗೆ ನನ್ನ ಪಾಪಪ್ರಜ್ಞೆಯನ್ನೂ ಅವರು ಖಾಲಿ ಮಾಡಿಸಿದರು. ಆಮೇಲೆ ಕಾಫಿ ಕೊಟ್ಟು, “ಓದ್ದೋರಲ್ವಾ, ಸರ್ಕಾರಿ ಸೈಟಿಗೆ ಒಂದು ಅರ್ಜಿ ಬರ್ಕೊಡಿ” ಎಂದರು.

ಅಲ್ಲಿಂದೀಚೆಗೆ ನಾನು ಪ್ರಬಂಧ ಮಂಡಿಸಿಲ್ಲ. ಅರ್ಜಿ ಬರೆಯುತ್ತೇನೆ. ಎರಡು ತಿರಸ್ಕೃತವಾಗಿವೆ, ಕಚೇರಿಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇವತ್ತು ಮಧ್ಯಾಹ್ನ ಮೂರನೆಯದನ್ನು ತುಂಬಲು ಸೆಲ್ಲಮ್ಮನ ಮಗಳ ಮನೆಯ ಜಗಲಿಯಲ್ಲಿ ಕೂತೆ. ‘ಖಾಯಂ ವಿಳಾಸ’ ಎಂಬ ಜಾಗ ಬಂತು. ಏನು ಬರೆಯಲಿ ಎಂದು ಕೇಳಿದೆ.

“ಈ ಮನೇದೇ ಬರೀರಿ ಸಾ. ಪೆನ್ಸಿಲಲ್ಲಿ ಬರೀರಿ, ಅಳ್ಸಕ್ಕೆ ಸುಲಭ.”

ನಾನು ಪೆನ್ನಿನಲ್ಲಿ ಬರೆದೆ. ಕೆಳಗಿನ ಹಾಳೆಯಲ್ಲೂ ಮೂಡುವಷ್ಟು ಒತ್ತಿ ಬರೆದೆ.